ಪಾತ್ರಗಳ ಕಲಹ, ಆಟಗಾರರ ಸಖ್ಯ: ಪಾತ್ರದಾಟದ ನಿಯಮಗ್ರಂಥಗಳ ಒಂದು ವಿಮರ್ಶೆ

೧

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಕಲ್ಪಿತ ವ್ಯಕ್ತಿಯ ಪಾತ್ರವನ್ನು ವಹಿಸಿ, ಆ ವ್ಯಕ್ತಿಯ ನಡೆನುಡಿಗಳನ್ನು ಬಾಯಿಮಾತಿನಲ್ಲಿ ಹೇಳುತ್ತ, ಫಲ ಸಂದಿಗ್ಧವಾಗಿರುವ ಕಾರ್ಯಗಳನ್ನು ದಾಳ ಉರುಳಿಸಿ ತೀರ್ಮಾನಿಸುತ್ತ ಒಂದು ಕಥೆಯನ್ನು ನಡೆಸಿಕೊಂಡು ಹೋಗುವ ಆಟಕ್ಕೆ ಇಂಗ್ಲಿಷಿನಲ್ಲಿ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಈ ಲೇಖನದಲ್ಲಿ ಇದನ್ನು ‘ಪಾತ್ರದಾಟ’ ಎಂದು ಕರೆಯುತ್ತೇನೆ. ಕುಳಿತವರಲ್ಲಿ ಒಬ್ಬನು ತನ್ನದೆಂಬ ಒಂದು ಪಾತ್ರವನ್ನು ಇಟ್ಟುಕೊಳ್ಳದೆ, ಕಥೆಯ ಲೋಕವನ್ನೂ ಅಲ್ಲಿನ ಇತರ ಜನರನ್ನೂ ವರ್ಣಿಸುತ್ತಾನೆ, ನಿಯಮಗಳನ್ನು ಅನ್ವಯಿಸುತ್ತಾನೆ, ಅವನು ನಿರ್ವಾಹಕ. ಉಳಿದವರು ಆಟಗಾರರು. ನಿಯಮಗಳೆಲ್ಲ ಅಚ್ಚಾದ ಪುಸ್ತಕಗಳಲ್ಲಿ ದೊರೆಯುತ್ತವೆ.

ಈ ಆಟದಲ್ಲಿ ಒಂದು ತೊಡಕು ಪದೇ ಪದೇ ತಲೆದೋರುತ್ತದೆ. ಒಂದೇ ತಂಡದಲ್ಲಿ ಸಂಚರಿಸುವ ಇಬ್ಬರು ಆಟಗಾರರ ಪಾತ್ರಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಒಬ್ಬನ ಪಾತ್ರ ಅಭಯ ಕೊಟ್ಟ ಸೆರೆಯಾಳನ್ನು ಇನ್ನೊಬ್ಬನ ಪಾತ್ರ ಕೊಲ್ಲುತ್ತದೆ. ಒಬ್ಬಳು ಕಾಪಾಡಿಕೊಂಡು ಬಂದ ಗುಟ್ಟನ್ನು ಇನ್ನೊಬ್ಬಳು ಶತ್ರುವಿಗೆ ಮಾರುತ್ತಾಳೆ. ಒಬ್ಬನು ನಿದ್ರಿಸುತ್ತಿರುವಾಗ ಜೊತೆಯವನೇ ಅವನ ಗಂಟಿಗೆ ಕೈಹಾಕುತ್ತಾನೆ. ಕಲಹವಿಲ್ಲದ ಕಥೆ ರುಚಿಸುವುದಿಲ್ಲವೆಂಬುದು ನಿಜ. ಆದರೆ ಇಲ್ಲಿ ಕಾದಾಡುವ ಪಾತ್ರಗಳ ಹಿಂದೆ ಕುಳಿತಿರುವವರು ಸ್ನೇಹಿತರು. ಪಾತ್ರಗಳ ವೈರ ಅವರ ಸ್ನೇಹವನ್ನು ಕೆಡಿಸಿ ತಂಡವನ್ನೇ ಒಡೆದ ನಿದರ್ಶನಗಳು ಈ ಆಟವನ್ನು ಬಲ್ಲವರಿಗೆಲ್ಲ ಪರಿಚಿತ.

ಇತಿಹಾಸವನ್ನು ಬೋಧಿಸುವವರಿಗೆ ಇಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಪಾತ್ರದಾಟದ ನಿಯಮಗ್ರಂಥವು ಒಂದು ಪುಟ್ಟ ಸಮಾಜದ ಶಾಸನವೆಂಬುದು ನನ್ನ ಉತ್ತರ. ಈ ಸಮಾಜಕ್ಕೆ ಕಾವಲುಗಾರರಿಲ್ಲ, ಸೆರೆಮನೆಯಿಲ್ಲ. ಸೇರಿದವರು ಇಷ್ಟವಿದ್ದು ಸೇರಿದವರು, ಬೇಡವೆನಿಸಿದ ದಿನ ಎದ್ದುಹೋಗಬಲ್ಲವರು. ಇಂತಹ ಸಮಾಜವು ಒಳಜಗಳವನ್ನು ಹೇಗೆ ನಿಭಾಯಿಸುತ್ತದೆ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ. ಅಲ್ಲದೆ, ೧೯೭೪ರಿಂದೀಚೆಗೆ ಅಚ್ಚಾದ ಗ್ರಂಥಗಳು ನಮ್ಮ ಮುಂದಿರುವುದರಿಂದ, ಈ ಪ್ರಶ್ನೆಗೆ ಆಯಾ ಕಾಲದವರು ಕೊಟ್ಟ ಉತ್ತರಗಳನ್ನು ಕ್ರಮವಾಗಿ ಪರೀಕ್ಷಿಸುವುದು ಸಾಧ್ಯವಿದೆ. ಈ ಪರೀಕ್ಷೆಯಿಂದ ನಾನು ತಲುಪಿದ ನಿರ್ಣಯವನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಪಾತ್ರಗಳ ನಡುವೆ ಕಲಹ ಹುಟ್ಟುವುದು ದೋಷವಲ್ಲ. ಆ ಕಲಹದಲ್ಲಿ ಸೋತ ಆಟಗಾರನಿಗೆ ಮೇಜಿನ ಬಳಿ ಮುಂದೆ ಏನು ಉಳಿಯುತ್ತದೆ ಎಂಬುದನ್ನು ಯೋಚಿಸದಿರುವುದೇ ದೋಷ. ಒಂದು ನಿಯಮಗ್ರಂಥದ ಬೆಲೆಯನ್ನು ಈ ಒರೆಗಲ್ಲಿನ ಮೇಲೆ ಉಜ್ಜಿ ನೋಡಬಹುದು.

೨

ಪಾತ್ರದಾಟದ ಪೂರ್ವಜನೆಂದರೆ ಸೈನ್ಯಶಿಕ್ಷಣದ ಯುದ್ಧದಾಟ. ಪ್ರಷ್ಯದ ರೈಸ್‌ವಿಟ್ಸ್ ಎಂಬಾತನು ೧೮೧೨ರಲ್ಲಿ ತನ್ನ ದೊರೆಗೆ ತೋರಿಸಿದ ಇಂತಹ ಆಟವನ್ನು ಅವನ ಮಗನು ಪರಿಷ್ಕರಿಸಿ ೧೮೨೪ರಲ್ಲಿ ನಿಯಮಗಳನ್ನು ಪ್ರಕಟಿಸಿದನು. ಎರಡು ಪಕ್ಷದ ಅಧಿಕಾರಿಗಳು ತಮ್ಮ ಆಜ್ಞೆಗಳನ್ನು ತೀರ್ಪುಗಾರನಿಗೆ ಒಪ್ಪಿಸುವುದು, ಅವನು ನಕ್ಷೆಯ ಮೇಲೆ ಫಲವನ್ನು ತೋರಿಸುವುದು ಇದರ ಕ್ರಮ. ೧೮೭೬ರಲ್ಲಿ ಫೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿಯು ಕೋಷ್ಟಕಗಳ ಹಂಗನ್ನು ತೊರೆದು ತೀರ್ಪುಗಾರನ ವಿವೇಕಕ್ಕೆ ಪ್ರಾಧಾನ್ಯ ಕೊಡುವ ಪಂಥವನ್ನು ಎತ್ತಿಹಿಡಿದನು. ೧೮೮೦ರಲ್ಲಿ ಅಮೆರಿಕದ ಚಾರ್ಲ್ಸ್ ಟಾಟನ್ ಬರೆದ ‘ಸ್ಟ್ರಾಟೆಗಾಸ್’ ಎಂಬ ಗ್ರಂಥವೂ ಇದೇ ಪರಂಪರೆಗೆ ಸೇರಿದುದು. ಈ ಗ್ರಂಥದ ಪ್ರಭಾವಕ್ಕೆ ಒಳಗಾದ ಡೇವಿಡ್ ವೆಸ್ಲಿ ಎಂಬ ಯುವಕನು ೧೯೬೯ರಲ್ಲಿ ಮಿನೆಸೋಟದ ಅವಳಿನಗರದಲ್ಲಿ ತನ್ನ ಗೆಳೆಯರಿಗಾಗಿ ಒಂದು ಆಟವನ್ನು ಏರ್ಪಡಿಸಿದನು. ನೆಪೋಲಿಯನ್ನನ ಕಾಲದ ‘ಬ್ರೌನ್‌ಸ್ಟೈನ್’ ಎಂಬ ಕಲ್ಪಿತ ಜರ್ಮನ್ ಪಟ್ಟಣ ಅದರ ರಂಗ. ಎರಡು ಸೈನ್ಯಗಳ ಸೇನಾಪತಿಗಳಷ್ಟೇ ಅಲ್ಲದೆ, ಊರಿನ ಮೇಯರ್, ಬ್ಯಾಂಕಿನ ಯಜಮಾನ, ವಿಶ್ವವಿದ್ಯಾನಿಲಯದ ಕುಲಪತಿ ಇವರ ಪಾತ್ರಗಳನ್ನೂ ಅವನು ಹಂಚಿದನು.

ಮುಂದೆ ನಡೆದುದು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಆಟಗಾರರಲ್ಲಿ ಇಬ್ಬರು ಪರಸ್ಪರ ದ್ವಂದ್ವಯುದ್ಧಕ್ಕೆ ಸವಾಲು ಹಾಕಿಕೊಂಡು ವೆಸ್ಲಿಯ ಬಳಿಗೆ ಬಂದರು. ಅವನ ನಿಯಮಗಳಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ. ನಿಂತ ಕಾಲಿನಲ್ಲೇ ಅವನು ಒಂದು ನಿಯಮವನ್ನು ಹೊಸೆಯಬೇಕಾಯಿತು. ಆಟವೆಲ್ಲ ಗೊಂದಲವಾಗಿ ಪ್ರಯೋಗ ವಿಫಲವಾಯಿತೆಂದು ವೆಸ್ಲಿ ಭಾವಿಸಿದನು. ಆಡಿದವರಾದರೋ ಇನ್ನೊಮ್ಮೆ ಆಡಿಸೆಂದು ದುಂಬಾಲು ಬಿದ್ದರು. ಈ ಗೆಳೆಯರ ಬಳಗದವನೇ ಆದ ಡೇವ್ ಆರ್ನೆಸನ್ನನು ಇದೇ ಹಾದಿಯಲ್ಲಿ ಮುಂದುವರಿದು ೧೯೭೧ರಲ್ಲಿ ‘ಬ್ಲ್ಯಾಕ್‌ಮೂರ್’ ಎಂಬ ಅದ್ಭುತಲೋಕದ ಆಟವನ್ನು ಆರಂಭಿಸಿದನು. ಅಲ್ಲಿಯೂ ಆಟಗಾರರು ಎದುರುಬದುರು ಪಕ್ಷಗಳಲ್ಲಿ ನಿಲ್ಲುತ್ತಿದ್ದುದುಂಟು. ಒಬ್ಬ ಆಟಗಾರನ ಪಾತ್ರವು ರಕ್ತಪಿಶಾಚಿಯಾಗಿ ಇತರರಿಗೆ ಅಸಾಧ್ಯವಾಗಿ ಬೆಳೆದುದರಿಂದ, ಅದನ್ನು ತಡೆಯಲೆಂದೇ ಪುರೋಹಿತ ವರ್ಗದ ಪಾತ್ರವನ್ನು ಕಲ್ಪಿಸಲಾಯಿತೆಂದು ಈ ಆಟದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪಾತ್ರಗಳ ಪರಸ್ಪರ ಕಲಹವು ಪಾತ್ರದಾಟಕ್ಕೆ ಹೊರಗಿನಿಂದ ಅಂಟಿಕೊಂಡ ರೋಗವಲ್ಲ. ಈ ಕಲೆ ಹುಟ್ಟುವಾಗಲೇ ಅದರೊಡನೆ ಹುಟ್ಟಿದುದು. ಅದನ್ನು ಕೆಟ್ಟ ಆಟಗಾರರ ಅವಿನಯವೆಂದಷ್ಟೇ ತಿಳಿದು ಖಂಡಿಸುವವರು ಈ ಮೂಲವನ್ನು ಮರೆತಿರುತ್ತಾರೆ.

೩

೧೯೭೪ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪಾತ್ರದಾಟದ ಮೊದಲನೆಯ ಅಚ್ಚಾದ ನಿಯಮಗ್ರಂಥ. ಮೂರು ಕಿರುಹೊತ್ತಗೆಗಳ ಒಂದು ಕಟ್ಟು. ಇಲ್ಲಿ ಆಟದ ಸ್ವರೂಪ ಬದಲಾಯಿತು. ಆಟಗಾರರ ಪಾತ್ರಗಳು ಒಂದು ತಂಡವಾಗಿ ನೆಲಮಾಳಿಗೆಗೆ ಇಳಿಯುತ್ತವೆ, ಶತ್ರುಗಳು ಹೊರಗಿನವರು, ರಾಕ್ಷಸರು, ಗುರಿ ನಿಧಿ. ಹೊರಶತ್ರುವಿನ ಭಯದಿಂದ ಒಳಜಗಳ ಅಡಗುವುದು ರಾಜ್ಯಗಳ ಚರಿತ್ರೆಯಲ್ಲಿ ಕಂಡ ಸಂಗತಿಯೇ ಆಗಿದೆ. ಈ ಗ್ರಂಥವೂ ಅದೇ ಉಪಾಯವನ್ನು ಅವಲಂಬಿಸಿತು.

ಆದರೆ ಉಪಾಯದಲ್ಲಿ ಬಿರುಕುಗಳಿದ್ದುವು. ಸಂಪಾದಿಸಿದ ನಿಧಿಯ ಬೆಲೆಯೇ ಪಾತ್ರದ ಅನುಭವದ ಲೆಕ್ಕಕ್ಕೆ ಸೇರಿ ಅದರ ಬಲವನ್ನು ಹೆಚ್ಚಿಸುತ್ತಿತ್ತು. ಹೀಗಾಗಿ ಪಾಲು ಹಂಚುವಾಗ ಹಂಚಿಕೆಯಾಗುತ್ತಿದ್ದುದು ಚಿನ್ನ ಮಾತ್ರವಲ್ಲ, ಪಾತ್ರದ ಬೆಳವಣಿಗೆ. ೧೯೭೫ರ ‘ಗ್ರೇಹಾಕ್’ ಎಂಬ ಅನುಬಂಧವು ಕಳ್ಳನೆಂಬ ಪಾತ್ರವರ್ಗವನ್ನು ಸೇರಿಸಿ ಅವನಿಗೆ ಜೇಬುಗಳ್ಳತನದ ಕೌಶಲವನ್ನು ಕೊಟ್ಟಿತು. ಅದೇ ಅನುಬಂಧವು ‘ಪ್ಯಾಲಡಿನ್’ ಎಂಬ ಧರ್ಮನಿಷ್ಠ ವೀರನನ್ನೂ ಸೇರಿಸಿತು. ಅದೇ ವರ್ಷದ ಇನ್ನೊಂದು ಅನುಬಂಧದಲ್ಲಿ ಗುಪ್ತಘಾತುಕನು ಬಂದನು. ೧೯೭೮ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಎಂಬ ಗ್ರಂಥದಲ್ಲಿ ಈ ಮೂವರೂ ನೆಲೆಗೊಂಡರು. ಪ್ಯಾಲಡಿನ್ ಸಜ್ಜನರೊಡನೆ ಮಾತ್ರ ಒಡನಾಡಬೇಕೆಂದೂ ಗುಪ್ತಘಾತುಕನು ದುಷ್ಟಸ್ವಭಾವದವನೇ ಆಗಿರಬೇಕೆಂದೂ ಆ ಗ್ರಂಥ ವಿಧಿಸುತ್ತದೆ. ಒಂದೇ ತಂಡಕ್ಕೆಂದು ಬರೆದ ಪುಸ್ತಕವೊಂದು ಒಟ್ಟಿಗೆ ಬಾಳಲಾರದ ಇಬ್ಬರನ್ನು ಸಮಾನವಾದ ಆಯ್ಕೆಗಳಾಗಿ ಮುಂದಿಟ್ಟು, ಅವರಿಬ್ಬರನ್ನು ಇಬ್ಬರು ಗೆಳೆಯರು ಆರಿಸಿಕೊಂಡರೆ ಗತಿಯೇನೆಂಬುದನ್ನು ಆ ಮೇಜಿಗೇ ಬಿಟ್ಟುಕೊಟ್ಟಿತು.

ಈ ಗ್ರಂಥಪರಂಪರೆಯಲ್ಲಿ ಪಾತ್ರಗಳ ನೈತಿಕ ಸ್ವಭಾವವನ್ನು ಸೂಚಿಸಲು ‘ಅಲೈನ್‌ಮೆಂಟ್’ ಎಂಬ ವರ್ಗೀಕರಣವುಂಟು. ೧೯೭೪ರಲ್ಲಿ ವ್ಯವಸ್ಥೆ, ತಟಸ್ಥತೆ, ಅವ್ಯವಸ್ಥೆ ಎಂಬ ಮೂರೇ ಭಾಗಗಳಿದ್ದವು. ೧೯೭೮ರ ವೇಳೆಗೆ ಒಳಿತು ಕೆಡಕುಗಳ ಭೇದವೂ ಸೇರಿ ಒಂಬತ್ತಾದುವು. ಕಲಹವನ್ನು ತಡೆಯಲು ಇದು ಸಾಕೆಂದು ನಂಬಿದವರು ಹಲವರು. ನನ್ನ ಅಭಿಪ್ರಾಯದಲ್ಲಿ ಇದು ತಡೆಯಾಗುವುದಕ್ಕಿಂತ ನೆಪವಾದುದೇ ಹೆಚ್ಚು. ವರ್ಗೀಕರಣವು ಪಾತ್ರ ಎಂಥದು ಎಂಬುದನ್ನು ಹೇಳುತ್ತದೆ. ಒಬ್ಬ ಆಟಗಾರನು ಇನ್ನೊಬ್ಬ ಆಟಗಾರನಿಗೆ ಏನು ಸಲ್ಲಿಸಬೇಕು ಎಂಬುದನ್ನು ಹೇಳುವುದಿಲ್ಲ. ಸಂಗಡಿಗನ ಗಂಟನ್ನು ಕದ್ದವನು ತನ್ನ ಪಾತ್ರದ ಹಾಳೆಯನ್ನು ತೋರಿಸಿ, ಇದರಲ್ಲಿ ಬರೆದಂತೆ ನಡೆದೆನೆಂದು ಸುಮ್ಮನಾಗಬಲ್ಲನು.

ಇನ್ನು ಮೊದಲೇ ಹೇಳಿದ ಒರೆಗಲ್ಲಿಗೆ ಬರೋಣ. ಈ ಆಟದಲ್ಲಿ ಸಂಗಡಿಗನ ಕತ್ತಿಗೆ ತುತ್ತಾದ ಪಾತ್ರದ ಒಡೆಯನಿಗೆ ಉಳಿಯುವುದೇನು? ಹಳೆಯ ಪದ್ಧತಿಯಂತೆ ಅವನು ಹೊಸ ಪಾತ್ರವನ್ನು ಮೊದಲನೆಯ ಮೆಟ್ಟಿಲಿನಿಂದ ಆರಂಭಿಸಬೇಕು. ಕೊಂದವನಾದರೋ ತನ್ನ ಬಲವನ್ನೂ ಸತ್ತವನ ಸೊತ್ತನ್ನೂ ಇಟ್ಟುಕೊಂಡು ಎತ್ತರದಲ್ಲೇ ಉಳಿಯುತ್ತಾನೆ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರವನ್ನು ಕಳೆದುಕೊಂಡವನು ಅದೇ ಮೇಜಿನಲ್ಲಿ, ಅದೇ ಮನುಷ್ಯನ ಎದುರಿಗೆ, ಕಿರಿಯನಾಗಿ ಕೂರಬೇಕು. ಅವನು ಎದ್ದುಹೋದರೆ ಆಶ್ಚರ್ಯವಿಲ್ಲ. ಇದಕ್ಕೆ ಪರಿಹಾರವಾಗಿ ಕೆಲವು ನಿರ್ವಾಹಕರು ತಪ್ಪಿತಸ್ಥ ಪಾತ್ರದ ಮೇಲೆ ಸಿಡಿಲನ್ನೋ ರಾಜಭಟರನ್ನೋ ಕಳುಹಿಸುವುದುಂಟು. ಅದು ನ್ಯಾಯದಂತೆ ತೋರಿದರೂ ನ್ಯಾಯವಲ್ಲ. ತೀರ್ಪುಗಾರನು ದೇವತೆಯ ಮುಖವಾಡ ಹಾಕಿಕೊಂಡು ಒಂದು ಪಕ್ಷಕ್ಕೆ ಸೇರಿದನೆಂದಷ್ಟೇ ಅದರ ಅರ್ಥ. ಜಗಳ ಆಟಗಾರರ ನಡುವೆ ಇದೆ. ಶಿಕ್ಷೆ ಪಾತ್ರಕ್ಕೆ ಬೀಳುತ್ತದೆ.

೪

ತೊಡಕಿನ ಮೂಲವನ್ನು ತಿಳಿಯಲು ಮೂವರು ವಿದ್ವಾಂಸರ ವಿಚಾರಗಳು ನೆರವಾಗುತ್ತವೆ. ಡಚ್ ಇತಿಹಾಸಕಾರ ಹೌಜಿಂಗನು ೧೯೩೮ರ ‘ಹೋಮೋ ಲೂಡೆನ್ಸ್’ ಗ್ರಂಥದಲ್ಲಿ ಮೋಸಗಾರನಿಗೂ ಆಟಗೆಡಕನಿಗೂ ಭೇದವನ್ನು ತೋರಿಸಿದ್ದಾನೆ. ಮೋಸಗಾರನು ಕದ್ದು ನಿಯಮ ಮೀರಿದರೂ ಆಟದ ಆವರಣವನ್ನು ಒಪ್ಪಿಕೊಂಡಂತೆ ನಟಿಸುತ್ತಾನೆ. ಆಟಗೆಡಕನು ಆವರಣವನ್ನೇ ಮುರಿಯುತ್ತಾನೆ. ಗ್ರೆಗರಿ ಬೇಟ್ಸನ್ನನು ಸ್ಯಾನ್ ಫ್ರಾನ್ಸಿಸ್ಕೋದ ಮೃಗಾಲಯದಲ್ಲಿ ಆಡುತ್ತಿದ್ದ ಕೋತಿಗಳನ್ನು ಕಂಡು, ೧೯೫೫ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಆಟದ ಕಚ್ಚು ನಿಜವಾದ ಕಚ್ಚನ್ನು ಹೋಲುತ್ತದೆಯಾದರೂ ನಿಜವಾದ ಕಚ್ಚಿನ ಅರ್ಥವನ್ನು ಹೊಂದಿಲ್ಲವೆಂದೂ, ಇದು ಆಟವೆಂಬ ಸಂಜ್ಞೆ ಇಬ್ಬರಿಗೂ ತಿಳಿದಿರುವ ತನಕ ಮಾತ್ರ ಅದು ಸಾಧ್ಯವೆಂದೂ ವಿವೇಚಿಸಿದನು. ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಪಾತ್ರದಾಟದ ಗುಂಪುಗಳ ನಡುವೆ ಕುಳಿತು ಗಮನಿಸಿ ೧೯೮೩ರಲ್ಲಿ ‘ಷೇರ್ಡ್ ಫ್ಯಾಂಟಸಿ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಮೇಜಿನ ಬಳಿ ಕುಳಿತ ಒಬ್ಬೊಬ್ಬನಲ್ಲಿಯೂ ವ್ಯಕ್ತಿ, ಆಟಗಾರ, ಪಾತ್ರ ಎಂಬ ಮೂರು ನೆಲೆಗಳು ಏಕಕಾಲದಲ್ಲಿ ಇರುತ್ತವೆಂದೂ ಮಾತು ಈ ನೆಲೆಗಳ ನಡುವೆ ಸರಸರನೆ ಹಾಯುತ್ತಿರುತ್ತದೆಂದೂ ಅವನು ತೋರಿಸಿದನು.

ಈ ಮೂರನ್ನು ಜೋಡಿಸಿ ನೋಡಿದರೆ ಪಾತ್ರದಾಟದ ಅತಿ ಪ್ರಸಿದ್ಧವಾದ ಸಮಜಾಯಿಷಿಯ ಗುಟ್ಟು ಬಯಲಾಗುತ್ತದೆ. ‘ನನ್ನ ಪಾತ್ರವಾದರೆ ಹೀಗೆಯೇ ಮಾಡುತ್ತಿತ್ತು’ ಎಂಬುದೇ ಆ ಸಮಜಾಯಿಷಿ. ಹೀಗೆ ಹೇಳುವವನು ಹೌಜಿಂಗನ ಮೋಸಗಾರನಲ್ಲ, ಏಕೆಂದರೆ ಅವನು ಯಾವ ನಿಯಮವನ್ನೂ ಮೀರಿಲ್ಲ. ಆಟಗೆಡಕನೂ ಅಲ್ಲ, ಏಕೆಂದರೆ ಪಾತ್ರಕ್ಕೆ ಅವನಷ್ಟು ನಿಷ್ಠೆ ತೋರುವವರು ಇಲ್ಲವೆಂಬಂತೆ ಅವನು ಮಾತನಾಡುತ್ತಾನೆ. ಅವನು ಮೂರನೆಯ ಬಗೆಯವನು. ಪಾತ್ರದ ನೆಲೆಯಲ್ಲಿ ನಿಂತು ಮಾಡಿದ ಕೃತ್ಯಕ್ಕೆ ವ್ಯಕ್ತಿಯ ನೆಲೆಯಿಂದ ಬಂದ ಪ್ರಶ್ನೆಯನ್ನು ಅವನು ಪಾತ್ರದ ನೆಲೆಯಿಂದಲೇ ಉತ್ತರಿಸಿ ಬಾಗಿಲು ಮುಚ್ಚುತ್ತಾನೆ. ಆದರೆ ಪಾತ್ರವನ್ನು ಕಲ್ಪಿಸಿದವನು ಅವನೇ. ಪಾತ್ರ ಮಾಡಬಹುದಾದ ಹತ್ತು ಕಾರ್ಯಗಳಲ್ಲಿ ಗೆಳೆಯನನ್ನು ನೋಯಿಸುವ ಒಂದನ್ನೇ ಆರಿಸಿದವನೂ ಅವನೇ. ಆಯ್ಕೆ ಆಟಗಾರನದು, ಹೊಣೆಯೂ ಅವನದೇ.

ಇಲ್ಲಿ ನಮ್ಮ ಕರಾವಳಿಯ ತಾಳಮದ್ದಳೆಯೊಡನೆ ಒಂದು ಹೋಲಿಕೆ ಅಪ್ರಸ್ತುತವಾಗಲಾರದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ, ಆ ಕ್ಷಣದಲ್ಲೇ ಹುಟ್ಟಿಸಿದ ಮಾತಿನಿಂದ ಪಾತ್ರವನ್ನು ನಡೆಸುತ್ತಾರೆ. ಪಾತ್ರಗಳ ವಾಗ್ವಾದ ಕಾವೇರಿ, ಕೇಳುವವರಿಗೆ ಇದು ವಾಲಿ-ರಾಮರ ವಾದವೋ ಎದುರುಬದುರು ಕುಳಿತ ಇಬ್ಬರು ಪಂಡಿತರ ವಾದವೋ ಎಂಬ ಅನುಮಾನ ಬರುವುದೂ ಉಂಟು. ಆದರೂ ಅಲ್ಲಿ ಒಂದು ದೊಡ್ಡ ರಕ್ಷಣೆ ಇದೆ: ಫಲ ಪ್ರಸಂಗದಲ್ಲಿ ಮೊದಲೇ ನಿಶ್ಚಿತವಾಗಿದೆ. ವಾಲಿ ಸಾಯಲೇಬೇಕು, ಆದರೆ ಸಾಯುವ ವಾಲಿಯ ಅರ್ಥಧಾರಿ ವಾದದಲ್ಲಿ ರಾಮನನ್ನು ಕಟ್ಟಿಹಾಕಿ ಸಭೆಯ ಮೆಚ್ಚುಗೆ ಪಡೆದು ಏಳಬಲ್ಲನು. ಕಥೆಯ ಸೋಲು ಬೇರೆ, ಕಲಾವಿದನ ಸೋಲು ಬೇರೆ. ಪಾತ್ರದಾಟದಲ್ಲಿ ಪ್ರಸಂಗವಿಲ್ಲ. ಫಲ ತೆರೆದಿದೆ; ಸೋತ ಪಾತ್ರದೊಡನೆ ಅದರ ಆಟಗಾರನೂ ಸೋಲುತ್ತಾನೆ. ತಾಳಮದ್ದಳೆಯಲ್ಲಿ ಪ್ರಸಂಗವು ಕೊಡುವ ರಕ್ಷಣೆಯನ್ನು ಇಲ್ಲಿ ನಿಯಮವೋ ಒಪ್ಪಂದವೋ ಕೊಡಬೇಕಾಗುತ್ತದೆ.

೫

ಕಲಹವನ್ನು ಅಡಗಿಸದೆ ಅದನ್ನೇ ಆಟದ ಜೀವಾಳವಾಗಿ ಮಾಡಿಕೊಂಡ ನಾಲ್ಕು ಗ್ರಂಥಗಳನ್ನು ಈಗ ಪರಿಶೀಲಿಸಬಹುದು.

ಮೊದಲನೆಯದು ೧೯೮೪ರ ‘ಪ್ಯಾರನೋಯ’. ಕಾಸ್ಟಿಕ್ಯಾನ್, ಗೆಲ್ಬರ್, ಗೋಲ್ಡ್‌ಬರ್ಗ್ ಎಂಬ ಮೂವರು ಇದರ ಕರ್ತೃಗಳು. ಹುಚ್ಚು ಹಿಡಿದ ಗಣಕಯಂತ್ರವೊಂದು ಆಳುವ ಮುಚ್ಚಿದ ನಗರ. ದ್ರೋಹಿಗಳನ್ನು ಹುಡುಕಿ ಕೊಲ್ಲುವುದು ಪಾತ್ರಗಳ ಉದ್ಯೋಗ. ಆದರೆ ಪ್ರತಿಯೊಂದು ಪಾತ್ರವೂ ಗುಟ್ಟಾಗಿ ವಿಕೃತಶಕ್ತಿಯುಳ್ಳದ್ದು, ನಿಷಿದ್ಧ ಸಂಘದ ಸದಸ್ಯ. ಎಂದರೆ ಪ್ರತಿಯೊಬ್ಬನೂ ದ್ರೋಹಿಯೇ. ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುವುದು ಇಲ್ಲಿ ನಿತ್ಯಕರ್ಮ. ಆದರೂ ಮನಸ್ತಾಪ ವಿರಳ. ಕಾರಣ ಸರಳವಾದುದು: ಪ್ರತಿ ಪಾತ್ರಕ್ಕೂ ಒಂದೇ ಅಚ್ಚಿನ ಆರು ದೇಹಗಳಿವೆ, ಒಂದು ಸತ್ತರೆ ಮುಂದಿನದು ಬರುತ್ತದೆ. ಸೋತವನ ಸ್ಥಾನ ಕ್ಷಣಮಾತ್ರದಲ್ಲಿ ತುಂಬುತ್ತದೆ, ನಗೆಯೂ ಉಳಿಯುತ್ತದೆ. ಈ ಗ್ರಂಥದ ಮಿತಿಯೂ ಇಲ್ಲೇ ಇದೆ. ಸಾವಿಗೆ ಬೆಲೆಯಿಲ್ಲವಾದ್ದರಿಂದ ದ್ರೋಹಕ್ಕೂ ಬೆಲೆಯಿಲ್ಲ. ಪ್ರಹಸನಕ್ಕೆ ಒಗ್ಗುವ ಈ ಉಪಾಯ ಗಂಭೀರ ಕಥೆಗೆ ಒಗ್ಗದು.

ಎರಡನೆಯದು ಎರಿಕ್ ವುಜಿಕ್ ೧೯೯೧ರಲ್ಲಿ ಪ್ರಕಟಿಸಿದ ‘ಆಂಬರ್’. ರೋಜರ್ ಝೆಲಾಜ್ನಿಯ ಕಾದಂಬರಿಗಳಲ್ಲಿ ಬರುವ ರಾಜಕುಟುಂಬದ ದಾಯಾದಿಗಳೇ ಇಲ್ಲಿನ ಪಾತ್ರಗಳು. ಇದರಲ್ಲಿ ದಾಳವೇ ಇಲ್ಲ. ಆಟ ಆರಂಭವಾಗುವ ಮುನ್ನ ಪ್ರತಿಯೊಬ್ಬ ಆಟಗಾರನೂ ತನಗೆ ದೊರೆತ ೧೦೦ ಅಂಕಗಳಿಂದ ನಾಲ್ಕು ಗುಣಗಳಿಗಾಗಿ ಎಲ್ಲರೆದುರು ಹರಾಜು ಕೂಗುತ್ತಾನೆ. ಸ್ಪರ್ಧೆಯನ್ನು ಮುಚ್ಚಿಡದೆ ಮೊದಲ ಗಳಿಗೆಯಲ್ಲೇ ಬಯಲಿಗೆ ತಂದುದು ಈ ಗ್ರಂಥದ ದೊಡ್ಡ ಗುಣ. ದಾಯಾದಿತನವನ್ನು ಒಪ್ಪಿಕೊಂಡೇ ಎಲ್ಲರೂ ಮೇಜಿಗೆ ಬಂದಿರುತ್ತಾರೆ. ನೇರ ಸ್ಪರ್ಧೆಯಲ್ಲಿ ಸೋಲುವವನು ಕಣವನ್ನು ಬದಲಿಸಿ, ಕತ್ತಿಯಲ್ಲಿ ಆಗದುದನ್ನು ಮಾತಿನಲ್ಲಿ, ಮಾತಿನಲ್ಲಿ ಆಗದುದನ್ನು ಸಂಚಿನಲ್ಲಿ ಸಾಧಿಸಲು ದಾರಿ ಉಂಟು. ಆದರೆ ದಾಳವಿಲ್ಲದ ಕಾರಣ ಪ್ರತಿಯೊಂದು ತೀರ್ಪಿನ ಭಾರವೂ ನಿರ್ವಾಹಕನ ಮೇಲೆ ಬೀಳುತ್ತದೆ. ದಾಳವನ್ನು ಶಪಿಸಿ ಸಮಾಧಾನ ಪಡುವಂತಿಲ್ಲ, ಮನುಷ್ಯನನ್ನೇ ಶಪಿಸಬೇಕು.

ಮೂರನೆಯದು ವಿನ್ಸೆಂಟ್ ಬೇಕರ್ ೨೦೦೪ರಲ್ಲಿ ಬರೆದ ‘ಡಾಗ್ಸ್ ಇನ್ ದ ವಿನ್ಯಾರ್ಡ್’. ಊರಿಂದೂರಿಗೆ ಸಂಚರಿಸಿ ಪಾಪವನ್ನು ವಿಚಾರಿಸುವ ತರುಣ ಧರ್ಮಪಾಲಕರು ಇದರ ಪಾತ್ರಗಳು. ಪಾಪಿಗೆ ಕ್ಷಮೆಯೋ ದಂಡವೋ ಎಂಬ ಬಗ್ಗೆ ಅವರಲ್ಲೇ ಭೇದ ಹುಟ್ಟಬೇಕೆಂಬುದು ಗ್ರಂಥದ ಆಶಯ. ಪಣವಾಗಿರುವುದು ಏನೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ಅನಂತರ ದಾಳ ಹಾಕಬೇಕು. ಜಗಳ ಮಾತಿನಿಂದ ಆರಂಭವಾಗುತ್ತದೆ, ಸೋಲುತ್ತಿರುವವನು ಬೇಕೆಂದರೆ ಅದನ್ನು ಕೈಗೆ, ಕೈಯಿಂದ ಬಂದೂಕಿಗೆ ಏರಿಸಿ ಹೆಚ್ಚು ದಾಳಗಳನ್ನು ಪಡೆಯಬಹುದು, ಇಲ್ಲವೆ ಬಿಟ್ಟುಕೊಡಬಹುದು. ಹೀಗೆ ಈ ನಿಯಮವು ಪ್ರತಿ ಮೆಟ್ಟಿಲಲ್ಲೂ ಆಟಗಾರನನ್ನು ನಿಲ್ಲಿಸಿ, ಈ ಮಾತಿಗಾಗಿ ಗೆಳೆಯನ ಮೇಲೆ ಗುಂಡು ಹಾರಿಸುವೆಯಾ ಎಂದು ಕೇಳುತ್ತದೆ. ಸೋಲು ಹೊರಗಿನಿಂದ ಬಂದೆರಗುವ ಬದಲು ಆಟಗಾರನೇ ಆರಿಸಿಕೊಂಡ ಸೋಲಾಗುತ್ತದೆ. ಸೋತವನಿಗೆ ಇಲ್ಲಿ ಉಳಿಯುವುದು ತನ್ನ ಆಯ್ಕೆಯ ಘನತೆ. ನಾನು ನೋಡಿದ ಗ್ರಂಥಗಳಲ್ಲಿ ಕಲಹಕ್ಕೆ ಇಷ್ಟು ಗೌರವ ಕೊಟ್ಟುದು ಇನ್ನೊಂದಿಲ್ಲ.

ನಾಲ್ಕನೆಯದಾದ ೨೦೧೦ರ ‘ಅಪೋಕಲಿಪ್ಸ್ ವರ್ಲ್ಡ್’ ಕೂಡ ಇದೇ ಬೇಕರ್ ಮತ್ತು ಅವನ ಪತ್ನಿ ಮೆಗ್ಯೂಯಿ ಬೇಕರ್ ಇವರ ಕೃತಿ. ಒಂದು ಪಾತ್ರವು ಇನ್ನೊಬ್ಬ ಆಟಗಾರನ ಪಾತ್ರವನ್ನು ಒಲಿಸಲು ಯತ್ನಿಸಿ ದಾಳದಲ್ಲಿ ಪೂರ್ಣವಾಗಿ ಗೆದ್ದರೂ ಇಲ್ಲಿ ಆ ಪಾತ್ರ ಅವನ ಕೈವಶವಾಗುವುದಿಲ್ಲ. ಒಪ್ಪಿದರೆ ಒಪ್ಪಿದವನಿಗೆ ಅನುಭವದ ಅಂಕ ದೊರೆಯುತ್ತದೆ. ಒಪ್ಪದಿದ್ದರೆ ನಿರಾಕರಣೆಗೆ ಒಂದು ಅಪಾಯವನ್ನು ಎದುರಿಸಬೇಕಾಗುತ್ತದೆ. ಆಯ್ಕೆ ಅವನ ಕೈಯಲ್ಲೇ ಉಳಿಯುತ್ತದೆ. ದಾಳದ ಬಲದಿಂದ ಇನ್ನೊಬ್ಬನ ಪಾತ್ರದ ಮನಸ್ಸನ್ನು ಆಳುವ ಹಕ್ಕು ಯಾರಿಗೂ ಇಲ್ಲವೆಂಬ ತತ್ತ್ವ ಇದರಲ್ಲಿ ಅಡಗಿದೆ. ಸಣ್ಣ ನಿಯಮವಾದರೂ ದೊಡ್ಡ ವಿವೇಕ.

೬

ಈ ಗ್ರಂಥಗಳ ಜೊತೆಜೊತೆಗೆ ಇನ್ನೊಂದು ವಿಚಾರಧಾರೆ ಬೆಳೆಯಿತು. ಕಲಹದ ಪರಿಹಾರವನ್ನು ಕಥೆಯೊಳಗಿನ ನಿಯಮದಲ್ಲಿ ಹುಡುಕದೆ, ಕಥೆಯ ಹೊರಗೆ ಆಟಗಾರರ ಒಪ್ಪಂದದಲ್ಲಿ ಹುಡುಕಬೇಕೆಂಬುದು ಅದರ ಸಾರ. ರಾನ್ ಎಡ್ವರ್ಡ್ಸ್ ೨೦೦೩ರ ಗ್ರಂಥವೊಂದರಲ್ಲಿ ಗೆರೆ, ಪರದೆ ಎಂಬ ಎರಡು ಮಾತುಗಳನ್ನು ಬಳಕೆಗೆ ತಂದನು. ಕಥೆಯಲ್ಲಿ ಎಂದೂ ಬರಕೂಡದ ಸಂಗತಿಗೆ ಗೆರೆ; ಬರಬಹುದಾದರೂ ವಿವರವಾಗಿ ವರ್ಣಿಸಕೂಡದ ಸಂಗತಿಗೆ ಪರದೆ. ಜಾನ್ ಸ್ಟಾವ್ರೊಪೌಲಸ್ ಎಂಬಾತನು ರೂಪಿಸಿದ ‘ಎಕ್ಸ್ ಕಾರ್ಡ್’ ೨೦೧೦ರ ದಶಕದಲ್ಲಿ ಹರಡಿತು. ಮೇಜಿನ ನಡುವೆ ಇಟ್ಟ ಒಂದು ಚೀಟಿಯನ್ನು ಯಾರು ಮುಟ್ಟಿದರೂ, ಕಾರಣವನ್ನು ಕೇಳದೆ, ನಡೆಯುತ್ತಿರುವ ಸಂಗತಿಯನ್ನು ಕೈಬಿಡುವುದು ಅದರ ಕ್ರಮ. ಆಟಕ್ಕೆ ಮುಂಚೆ ಎಲ್ಲರೂ ಕೂಡಿ ನಿರೀಕ್ಷೆಗಳನ್ನು ಮಾತನಾಡಿಕೊಳ್ಳುವ ಬೈಠಕ್ಕಿಗೆ ‘ಸೆಷನ್ ಝೀರೋ’ ಎಂದು ಹೆಸರು ಬಂದಿತು. ೨೦೨೦ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪರಂಪರೆಯ ಅಧಿಕೃತ ಗ್ರಂಥವೊಂದು ಅದಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿತು. ೧೯೭೮ರಲ್ಲಿ ಮೇಜಿಗೆ ಬಿಟ್ಟಿದ್ದ ಪ್ರಶ್ನೆಗೆ ಗ್ರಂಥವೇ ದನಿಗೊಡಲು ನಾಲ್ಕು ದಶಕಗಳು ಹಿಡಿದುವು.

ಈ ಮಾರ್ಗದ ಉಪಕಾರ ದೊಡ್ಡದು, ಸಂದೇಹವಿಲ್ಲ. ಆದರೆ ಎರಡು ಆಕ್ಷೇಪಗಳನ್ನು ಹೇಳದೆ ಇರಲಾಗದು. ಒಂದನೆಯದು, ಒಪ್ಪಂದವನ್ನು ಮಾಡಿಕೊಂಡ ಹಲವು ತಂಡಗಳು ಪಾತ್ರಗಳ ಕಲಹವನ್ನು ಒಟ್ಟಾರೆಯಾಗಿ ನಿಷೇಧಿಸಿ ನಿಶ್ಚಿಂತರಾಗುತ್ತವೆ. ಅದರಿಂದ ಶಾಂತಿ ದೊರೆಯುತ್ತದೆ. ಆದರೆ ಬೇಕರನ ಧರ್ಮಪಾಲಕರು ಕೇಳಿದಂತಹ ಪ್ರಶ್ನೆಯನ್ನು ಕೇಳುವ ಅವಕಾಶ ತಪ್ಪಿಹೋಗುತ್ತದೆ. ಎಲ್ಲರೂ ಎಲ್ಲದಕ್ಕೂ ಒಪ್ಪುವ ತಂಡಕ್ಕೆ ರಾಕ್ಷಸರನ್ನು ಕೊಲ್ಲುವುದರ ಹೊರತು ಬೇರೆ ಕೆಲಸವಿರುವುದಿಲ್ಲ. ಎರಡನೆಯದು, ಮೊದಲ ದಿನದ ಒಪ್ಪಂದ ಆರು ತಿಂಗಳ ಅನಂತರದ ಸಂದರ್ಭವನ್ನು ಮುಂಗಾಣಲಾರದು. ಪಾತ್ರದ ಮೇಲಿನ ಮಮತೆ ಆಡುತ್ತ ಆಡುತ್ತ ಬೆಳೆಯುವಂಥದು. ಮೊದಲ ದಿನ ‘ಏನಾದರೂ ಆಗಲಿ’ ಎಂದವನಿಗೆ ಅಂದು ಕಳೆದುಕೊಳ್ಳಲು ಏನೂ ಇರಲಿಲ್ಲ. ಆದುದರಿಂದ ಒಪ್ಪಿಗೆಯನ್ನು ಒಮ್ಮೆ ಪಡೆದು ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಕಲಹದ ಹೊಸ್ತಿಲಲ್ಲಿ ಮತ್ತೆ ಕೇಳಬೇಕು.

೭

ಇದನ್ನು ನಾನು ಗ್ರಂಥಗಳಿಂದ ಕಲಿತೆನೆಂದು ಹೇಳಿದರೆ ಅಸತ್ಯವಾದೀತು. ಕೆಲವು ವರ್ಷಗಳ ಹಿಂದೆ ಐವರು ಸ್ನೇಹಿತರ ತಂಡವೊಂದಕ್ಕೆ ನಾನು ನಿರ್ವಾಹಕ ಸ್ಥಾನದಲ್ಲಿದ್ದೆ. ಭಾನುವಾರಗಳಂದು ಕೂಡುತ್ತಿದ್ದೆವು. ಒಬ್ಬ ಸ್ನೇಹಿತನ ಕಳ್ಳ ಪಾತ್ರವು ರಾತ್ರಿಯ ಕಾವಲಿನಲ್ಲಿದ್ದಾಗ, ನಿದ್ರಿಸುತ್ತಿದ್ದ ಸಂಗಡಿಗ ಪಾತ್ರದ ಚೀಲದಿಂದ ಒಂದು ಹರಳನ್ನು ಕದಿಯುವುದಾಗಿ ಹೇಳಿದನು. ಆ ಹರಳು ಆ ಪಾತ್ರಕ್ಕೆ ಅದರ ಸತ್ತ ತಂಗಿಯಿಂದ ಬಂದುದೆಂದು ಅದರ ಆಟಗಾರನು ಹಿಂದೊಮ್ಮೆ ಹೇಳಿದ್ದನು. ನಮ್ಮಲ್ಲಿ ಹೆಚ್ಚಿನವರು ಅದನ್ನು ಮರೆತಿದ್ದೆವು. ನಾನು ಪುಸ್ತಕ ತೆರೆದು ಬೇಕಾದ ಸಂಖ್ಯೆಯನ್ನು ಹೇಳಿದೆ, ದಾಳ ಉರುಳಿತು, ಕಳವು ಸಿದ್ಧಿಸಿತು. ಎಲ್ಲರೂ ನಕ್ಕರು, ಹರಳನ್ನು ಕಳೆದುಕೊಂಡವನೂ ನಕ್ಕನು. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರ ಇನ್ನೊಬ್ಬನು ಬರಲಿಲ್ಲ. ಒಂದೆರಡು ತಿಂಗಳಲ್ಲಿ ತಂಡ ಕರಗಿತು.

ನಿಯಮದಂತೆ ನಡೆದೆನೆಂಬ ಸಮಾಧಾನ ನನಗೆ ಬಹಳ ಕಾಲ ಇತ್ತು. ಈಗ ನೋಡಿದರೆ, ಕಳ್ಳನ ಆಟಗಾರನಿಗಿಂತ ಹೆಚ್ಚಿನ ತಪ್ಪು ನನ್ನದೆಂದು ತೋರುತ್ತದೆ. ದಾಳವನ್ನು ಮುಟ್ಟುವ ಮುನ್ನ ಕಥೆಯನ್ನು ಒಂದು ನಿಮಿಷ ನಿಲ್ಲಿಸಿ, ಪಾತ್ರಗಳ ಹೆಸರನ್ನು ಬಿಟ್ಟು ಆಟಗಾರರ ಹೆಸರು ಹಿಡಿದು, ಇಬ್ಬರಿಗೂ ಇದು ಸಮ್ಮತವೇ, ಕಳವು ಬಯಲಾದರೆ ಮುಂದೇನು, ಸೋತವನಿಗೆ ಕಥೆಯಲ್ಲಿ ಯಾವ ದಾರಿ ತೆರೆಯುತ್ತದೆ ಎಂದು ಕೇಳಬೇಕಾಗಿತ್ತು. ಕೇಳಿದ್ದರೆ ಆ ಹರಳಿನ ಕಳವೇ ನಮ್ಮ ಕಥೆಯ ಅತ್ಯುತ್ತಮ ಭಾಗವಾಗುವ ಸಂಭವವಿತ್ತು. ತಂಗಿಯ ನೆನಪನ್ನು ಕಳೆದುಕೊಂಡವನೂ, ಕದ್ದುದು ಏನೆಂದು ತಡವಾಗಿ ತಿಳಿದವನೂ ಎದುರುಬದುರು ನಿಲ್ಲುವ ದೃಶ್ಯಕ್ಕೆ ಯಾವ ರಾಕ್ಷಸನೂ ಸಾಟಿಯಲ್ಲ.

ಮೇಲಿನ ವಿವೇಚನೆಯಿಂದ ಮೂರು ಅಂಶಗಳನ್ನು ಸಂಗ್ರಹಿಸಬಹುದು. ಪಾತ್ರಗಳ ಕಲಹಕ್ಕೆ ಆಟಗಾರರ ಒಪ್ಪಿಗೆ ಇರಬೇಕು. ಅದನ್ನು ಒಮ್ಮೆ ಮಾತ್ರವಲ್ಲ, ಸಂದರ್ಭ ಬಂದಾಗಲೆಲ್ಲ ಕೇಳಬೇಕು. ಪಣವೇನೆಂಬುದು ದಾಳಕ್ಕೆ ಮುಂಚೆ ಗೊತ್ತಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸೋತವನು ಸೋತ ಮೇಲೂ ಕಥೆಗೆ ಬೇಕಾದವನಾಗಿ ಉಳಿಯಬೇಕು. ಪ್ಯಾರನೋಯದ ಆರು ದೇಹಗಳು, ಆಂಬರಿನ ಬದಲಿ ಕಣಗಳು, ಧರ್ಮಪಾಲಕರು ಬಿಟ್ಟುಕೊಡುವ ಹಕ್ಕು, ಅಪೋಕಲಿಪ್ಸ್ ವರ್ಲ್ಡಿನ ನಿರಾಕರಣೆಯ ಹಕ್ಕು ಇವೆಲ್ಲ ಈ ಒಂದೇ ಕೆಲಸವನ್ನು ಬೇರೆ ಬೇರೆ ಬಗೆಯಲ್ಲಿ ಮಾಡುತ್ತವೆ. ಅದನ್ನು ಮಾಡದ ನಿಯಮವು ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಮೇಜನ್ನು ಬರಿದುಮಾಡುತ್ತದೆ.

೧೯೬೯ರಲ್ಲಿ ದ್ವಂದ್ವಯುದ್ಧಕ್ಕೆ ಸಿದ್ಧರಾಗಿ ಬಂದ ಇಬ್ಬರು ಗೆಳೆಯರು ವೆಸ್ಲಿಯನ್ನು ಕೇಳಿದುದು ಯಾರು ಗೆಲ್ಲುತ್ತಾರೆ ಎಂಬುದನ್ನು. ಅವನು ಉತ್ತರ ಕೊಟ್ಟನು. ಗೆಲ್ಲದವನು ಮುಂದೇನು ಮಾಡಬೇಕೆಂಬ ಪ್ರಶ್ನೆಯನ್ನು ಅನಂತರದ ಗ್ರಂಥಕಾರರು ಒಬ್ಬರಾದ ಮೇಲೊಬ್ಬರು ಕೈಗೆತ್ತಿಕೊಂಡರು. ನಮ್ಮ ಕಾಲೇಜುಗಳಲ್ಲಿ ಇಂತಹ ಆಟಕ್ಕೆ ಕುಳಿತುಕೊಳ್ಳುವ ವಿದ್ಯಾರ್ಥಿಗಳು ಯಾವ ಪುಸ್ತಕವನ್ನು ಆರಿಸಿಕೊಂಡರೂ ಆಗಬಹುದು. ಈ ಎರಡನೆಯ ಪ್ರಶ್ನೆಯನ್ನು ಮಾತ್ರ ದಾಳ ಉರುಳುವ ಮೊದಲೇ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಉಚಿತ.